ಮೂರು ಕೊಕ್ಕು ಹಸಿಮಣ್ಣು

ಬಾವಿಯ ಮೇಲೆ ಬಾಗಿದ ಈಚಲು ಮರದಲ್ಲಿ ಗೀಜಗದ ಮರಿಯೊಂದು ತನ್ನ ಸೋದರಮಾವನ ಬಳಿ ಗೂಡು ನೇಯುವ ಕೆಲಸ ಕಲಿಯುತ್ತಿತ್ತು. ಅದರ ಮೊದಲ ಗೂಡು ಅರ್ಧಕ್ಕೆ ಬಂದಿದ್ದಾಗ, ಆಲದ ಮರದ ವಿದ್ಯಾಪೀಠದಿಂದ ಗಿಳಿ ಪಂಡಿತರು ಬಂದರು.

"ಹುಲ್ಲು ಸೀಳಿದ್ದು ಸಾಕು. ನಾಳೆಯೇ ನಮ್ಮಲ್ಲಿಗೆ ಬಾ. ಲೋಕದ ಎಲ್ಲ ಗೂಡುಗಳ ಶಾಸ್ತ್ರ ಕಲಿಸುತ್ತೇವೆ," ಎಂದರು ಪಂಡಿತರು.

ಮರಿ ಮಾವನತ್ತ ತಿರುಗಿ ಕೇಳಿತು: "ಮಾವ, ನಾವು ಗೂಡಿನೊಳಗೆ ಹಸಿಮಣ್ಣು ಮೆತ್ತುತ್ತೇವಲ್ಲ, ಯಾಕೆ?"

"ನನ್ನ ಮಾವ ಮೆತ್ತುತ್ತಿದ್ದರು, ನಾನೂ ಮೆತ್ತುತ್ತೇನೆ. ನನಗೆ ಗೊತ್ತಿರುವುದು ಅಷ್ಟೇ," ಎಂದ ಮಾವ.

"ಗಾಳಿಗೆ ಗೂಡು ಓಲಾಡದಿರಲಿ ಎಂದು ಆ ಭಾರ," ಎಂದರು ಪಂಡಿತರು ಥಟ್ಟನೆ.

ಮರಿಗೆ ಕಣ್ಣು ತೆರೆದಂತಾಯಿತು. "ಹಾಗಾದರೆ ನನ್ನ ಗೂಡಿಗೆ ಎಷ್ಟು ಮಣ್ಣು ಬೇಕು, ಪಂಡಿತರೇ?"

"ಅದು ಪಾಠದಲ್ಲಿಲ್ಲ."

ಮಾವ ಗೂಡಿಗೆ ಜೋತುಬಿದ್ದು ಒಮ್ಮೆ ತೂಗಿ ನೋಡಿದ. ಬಾವಿಕಟ್ಟೆಯಿಂದ ಮೂರು ಕೊಕ್ಕು ಮಣ್ಣು ತಂದು ಮೆತ್ತಿದ. ಗಾಳಿ ಬೀಸಿತು. ಮರವೆಲ್ಲ ತೊನೆದರೂ ಗೂಡು ನೆಟ್ಟಗೆ ನಿಂತಿತು.

"ಪಂಡಿತರೇ, ನಿಮ್ಮ ಕಾರಣಗಳೂ ನನಗೆ ಬೇಕು. ಈ ಗೂಡು ಮುಗಿಸಿ, ಮುಂದಿನ ಮಳೆಗಾಲಕ್ಕೆ ಬರುತ್ತೇನೆ," ಎಂದಿತು ಮರಿ.

"ಆಗ ಜಾಗ ಸಿಗುವುದಿಲ್ಲ. ನಮಗಿರುವುದು ಮರಕುಟಿಗ ಕೊರೆದು ಬಿಟ್ಟುಹೋದ ಪೊಟರೆ ಒಂದೇ," ಎಂದು ಪಂಡಿತರು ಎಚ್ಚರಿಸಿದರು.

"ಪೊಟರೆ ನಿಮಗೇ ಇರಲಿ," ಎಂದಿತು ಮರಿ. "ನನಗೆ ಹೊರಗೆ ಒಂದು ಕೊಂಬೆ ತೋರಿಸಿದರೆ ಸಾಕು. ಜಾಗ ನಾನೇ ನೇಯ್ದುಕೊಳ್ಳುತ್ತೇನೆ."