ಒಡಪಿನಲ್ಲಿ ಬಂದ ಹೆಸರು

ಅಂಗನವಾಡಿ ನಡೆಸುತ್ತಲೇ ನೀಲವ್ವ ಪಿಎಚ್.ಡಿ.ಗೆ ಒಡಪುಗಳ ಮೇಲೆ ಪ್ರಬಂಧ ಬರೆದಳು. ಹೆಂಗಸರು ಗಂಡನ ಹೆಸರನ್ನು ಪ್ರಾಸದಲ್ಲಿ ಪೋಣಿಸಿ ಹೇಳುತ್ತಾರಲ್ಲ, ಆ ಒಡಪುಗಳು. ಮೌಖಿಕ ಪರೀಕ್ಷೆ ಚೆನ್ನಾಗಿಯೇ ಮುಗಿಯಿತು. ಇನ್ನು ಪರೀಕ್ಷಕರ ಸಹಿ ಬಿದ್ದರೆ ಅವಳು ಡಾಕ್ಟರ್.

ಪರೀಕ್ಷಕರು ಮೈಸೂರು ಕಡೆಯ ಪ್ರೊಫೆಸರ್ ಚೆಲುವಯ್ಯ. ಹೊಗಳಿಕೆ ಎಂದರೆ ಅವರಿಗೆ ಹೋಳಿಗೆ ಊಟ. ಪೆನ್ನಿನ ಕ್ಯಾಪು ತೆಗೆದವರು ಮತ್ತೆ ಹಾಕಿದರು.

“ನನ್ನ ಹೆಸರಿಟ್ಟು ಒಂದು ಒಡಪು ಕಟ್ಟಮ್ಮ. ಎಲ್ಲರ ಮುಂದೆ ಹೇಳು. ಆಮೇಲೆ ಸಹಿ.”

ಅವಳ ಮಾರ್ಗದರ್ಶಕರು ನೆಲ ನೋಡತೊಡಗಿದರು. ನೀಲವ್ವ ಸೆರಗು ಸರಿಮಾಡಿಕೊಂಡು ಎದ್ದಳು.

“ಹೇಳ್ತೀನ್ರಿ ಸರ್, ಅದಕ್ಕೇನು? ಆದ್ರ ನಮ್ಮ ಕಡೆ ಹೆಂಗಸು ಒಡಪಿನಾಗ ಯಾರ ಹೆಸರು ಹೇಳ್ತಾಳೋ ಅವ ಆಕಿ ಗಂಡ. ನಮ್ಮನಿಯವ್ರು ಇಲ್ಲೇ ಹಿಂದ ಕುಂತಾರ, ಅವ್ರನ್ನ ನಾ ಕೇಳ್ತೀನಿ. ನಿಮ್ಮನಿ ಅಕ್ಕಾರ ಒಪ್ಪಿಗಿನೂ ಬೇಕಲ್ರಿ? ಫೋನ್ ಹಚ್ರಿ, ನಾನ ಮಾತಾಡ್ತೀನಿ.”

“ಅವಳಿಗೆ ಯಾಕಮ್ಮ ಫೋನು? ಬೇಡ, ಬೇಡ!” ಪ್ರೊಫೆಸರರು ಪೆನ್ನಿನ ಕ್ಯಾಪು ಕಿತ್ತರು. ಪೆನ್ನು ತಾನಾಗಿ ಓಡಿತು. ಸಹಿ ಹಾಕುವ ಗಡಿಬಿಡಿಯಲ್ಲಿ ಅಂಗಿಗೂ ಮಸಿ ಬಳಿದುಕೊಂಡರು.

“ಒಡಪು ಹಂಗ ಉಳೀತಲ್ಲ, ಡಾಕ್ಟರ್ರ?” ಹಿಂದಿನ ಸಾಲಿನಿಂದ ಗಂಡ ಕೂಗಿದ.

ನೀಲವ್ವ ತಲೆಯೆತ್ತಿ ಹೇಳಿದಳು:

“ಅಂಗನವಾಡಿ ಅಂಗಳದಾಗ ಅಕ್ಷರ ಬರೆಸಾಕಿ,
ಡಾಕ್ಟರ್ ನೀಲವ್ವ ನಾ, ನನ್ನ ಹೆಸರು ನಾನ ಹೇಳಾಕಿ!”