ತಾಯಿಯವರು ತಮ್ಮ ಪಾಲು ಒಪ್ಪಿಕೊಂಡ ದಿನ

ಡೋಣಿ ಹೊಳೆಯ ದಂಡೆಯಲ್ಲಿ ಪೂಜ್ಯ ಶಿವಗಂಗಾ ತಾಯಿಯವರು ನಡೆಸುತ್ತಿದ್ದ ಆರೋಗ್ಯಧಾಮವೆಂದರೆ ತಗಡು ಹೊದಿಸಿದ ಎರಡು ಪಡಸಾಲೆ, ಒಂದು ಅಡುಗೆಮನೆ, ಒಂದು ಉಗ್ರಾಣ. ತಾಯಿಯವರು ರೋಗಿಗಳ ನಡುವೆಯೇ ಚಾಪೆ ಹಾಸಿಕೊಂಡು ಮಲಗುತ್ತಿದ್ದರು. ರೋಗಿಗಳ ಬಟ್ಟೆಗಳನ್ನು ತಾವೇ ಒಗೆಯುತ್ತಿದ್ದರು. ಆಡಳಿತವನ್ನು ಮಾತ್ರ ಟ್ರಸ್ಟಿಗೆ ಬಿಟ್ಟುಕೊಟ್ಟಿದ್ದರು. ಮಹಾಮಾರಿ ಬಂದ ಮೊದಲ ವರ್ಷವೇ ಆ ಟ್ರಸ್ಟು ಒಡೆದು ಎರಡಾಯಿತು.

ಒಂದು ಬಣಕ್ಕೆ ಶರಣಗೌಡ ಬಿರಾದಾರರು ಕಾರ್ಯದರ್ಶಿ. ನಿವೃತ್ತ ಹೆಡ್‌ಮಾಸ್ತರರು, ನಿಯಮವೆಂದರೆ ನಿಯಮ ಎನ್ನುವವರು. ಇನ್ನೊಂದಕ್ಕೆ ಔಷಧದಂಗಡಿಯ ಮಡಿವಾಳಪ್ಪನವರು ಮುಖ್ಯಸ್ಥರು. ಆ ಚಳಿಗಾಲದಲ್ಲಿ ನಾರ್ವೆ ದೇಶದ ಸೇವಾಸಂಸ್ಥೆಯೊಂದು, ರೋಗ ಮರಳಿ ಬಂದರೆ ಬೇಕಾದೀತೆಂದು, ಎಂಟು ಆಕ್ಸಿಜನ್ ಯಂತ್ರಗಳನ್ನು ಧಾಮಕ್ಕೆ ಕಳುಹಿಸಿತು. ಸ್ವೀಕರಿಸಿದೆವೆಂದು ಸಹಿ ಹಾಕುವವರು ಯಾರು? ಜಗಳ ಕೋರ್ಟಿಗೆ ಹೋಯಿತು. ತೀರ್ಪು ಬರುವವರೆಗೆ ಯಾರೂ ಮುಟ್ಟಬಾರದೆಂದು ಇಬ್ಬರೂ ಉಗ್ರಾಣಕ್ಕೆ ತಮ್ಮ ತಮ್ಮ ಬೀಗ ಜಡಿದರು.

ಬೇಸಿಗೆಯಲ್ಲಿ ರೋಗ ಮರಳಿತು. ತಾಯಿಯವರು ಎರಡು ಸಲ ಇಬ್ಬರಿಗೂ ಹೇಳಿಕಳುಹಿಸಿದರು. ಶರಣಗೌಡರು ಬಂದು ಬಾಗಿಲಲ್ಲೇ ನಿಂತು, "ನಾ ತೆಗದ್ರ ಅವರ ಹಕ್ಕು ಒಪ್ಪಿಕೊಂಡಂಗ ಆಕ್ಕತಿ, ತಾಯಿ. ಸೋಮವಾರ ಕೋರ್ಟಿನ ತಾರೀಖು ಐತಿ. ಭಕ್ತಿ ಬ್ಯಾರೆ, ಕಾಯ್ದೆ ಬ್ಯಾರೆ" ಎಂದರು.

ತಾಯಿಯವರು ಒಳಗೆ ರೋಗಿಗಳ ಬಳಿಗೆ ಹೋದರು. ಮಡಿವಾಳಪ್ಪನವರೂ ತಮ್ಮ ಬೀಗ ತೆಗೆಯಲಿಲ್ಲ.

ಶನಿವಾರ ಅಡುಗೆಯ ದುಂಡವ್ವನಿಗೆ ಉಸಿರು ಸಾಲದಾಯಿತು. ಇಪ್ಪತ್ತು ವರ್ಷ ಧಾಮದ ರೋಗಿಗಳಿಗೆ ಗಂಜಿ ಕಾಯಿಸಿದ ಹೆಂಗಸು. ಊರಿನ ಯಾವ ಆಸ್ಪತ್ರೆಯಲ್ಲೂ ಹಾಸಿಗೆ ಸಿಗಲಿಲ್ಲ. ತಾಯಿಯವರು ಅವಳನ್ನು ಎದೆಗೆ ಒರಗಿಸಿಕೊಂಡು ಕುಳಿತೇ ಇದ್ದರು. ಭಾನುವಾರ ಮಧ್ಯಾಹ್ನ ಅವಳು ತೀರಿಕೊಂಡಳು, ಉಗ್ರಾಣದ ಪಕ್ಕದ ಕೋಣೆಯಲ್ಲಿ.

ಸುದ್ದಿ ಕೇಳಿ ಶರಣಗೌಡರು ಬಂದರು. ಬೈಸಿಕೊಳ್ಳಲು ಮನಸ್ಸು ಗಟ್ಟಿ ಮಾಡಿಕೊಂಡೇ ಬಂದಿದ್ದರು. ಕೋರ್ಟಿನ ಕಾಗದವೂ ಜೇಬಿನಲ್ಲಿತ್ತು. ತಾಯಿಯವರು ದುಂಡವ್ವನ ಪಾದ ತೊಳೆಯುತ್ತಿದ್ದರು. ತಲೆ ಎತ್ತಿ ಹೇಳಿದರು:

"ಶರಣಗೌಡ, ಉಗ್ರಾಣದ ಕೀಲಿ ನಾ ಮುರೀಬೇಕಿತ್ತು. ನಿಮ್ಮಿಬ್ಬರ ಮನಸು ತಾನಾಗೇ ತಿರುಗಲಿ ಅಂತ ಕಾದು ಕುಂತೆ. ಈ ಸಾವಿನ್ಯಾಗ ನನ್ನ ಪಾಲೂ ಐತಿ."

ಗೌಡರು ಕೋರ್ಟಿನ ಕಾಗದವನ್ನು ಜೇಬಿನಿಂದ ತೆಗೆಯಲೇ ಇಲ್ಲ. ಅಲ್ಲಿಂದ ನೇರವಾಗಿ, ಟ್ರಸ್ಟು ಒಡೆದಂದಿನಿಂದ ಮೆಟ್ಟಿಲು ಹತ್ತದಿದ್ದ ಔಷಧದಂಗಡಿಗೆ ಹೋದರು.

"ಕೀಲಿಕೈ ತಗೊಂಡು ಬರ್ರಿ ಮಡಿವಾಳಪ್ಪ. ಸಹಿ ನೀವ ಹಾಕ್ರಿ."

"ಯಾಕ್ರಿ, ಏನಾತು?"

"ದುಂಡವ್ವ ಹೋದಳು."

ಮಡಿವಾಳಪ್ಪನವರು ಅಂಗಡಿಯನ್ನು ತೆರೆದಂತೆಯೇ ಬಿಟ್ಟು ಹೊರಟರು. ಹೊತ್ತು ಮುಳುಗುವುದರೊಳಗೆ ಎಂಟೂ ಯಂತ್ರಗಳು ಓಡತೊಡಗಿದವು. ಆ ತಿಂಗಳು ಅವುಗಳ ಆಸರೆಯಲ್ಲಿ ಮಲಗಿದ ಹತ್ತೊಂಬತ್ತು ಜನರಲ್ಲಿ ಹದಿನಾರು ಮಂದಿ ಎದ್ದು ಮನೆಗೆ ನಡೆದರು. ಅವರು ಕಾಲಿಗೆ ಬೀಳಲು ಬಂದಾಗಲೆಲ್ಲ ಶರಣಗೌಡರು ಅಲ್ಲಿಂದ ಸರಿದುಹೋಗುತ್ತಿದ್ದರು.

ಅವರು ಕಾರ್ಯದರ್ಶಿ ಪದವಿಯನ್ನು ಬಿಟ್ಟರು. ಯಂತ್ರಗಳನ್ನು ಬಿಚ್ಚಿ ಶುಚಿ ಮಾಡುವುದನ್ನು ಕಲಿತು, ಪ್ರತಿ ತಿಂಗಳೂ ಒಮ್ಮೆ ಓಡಿಸಿ ನೋಡುತ್ತ, ಸುತ್ತಲ ಏಳು ಹಳ್ಳಿಗಳಲ್ಲಿ ದಮ್ಮು ಇರುವವರ ಹೆಸರು ಬರೆದಿಟ್ಟುಕೊಂಡು ಧಾಮದಲ್ಲಿಯೇ ಉಳಿದರು.

ರೋಗ ಇಳಿದ ಮೇಲೆ ತಾಯಿಯವರ ಅಪ್ಪಣೆಯಂತೆ ಗೌಡರು ತಾಳಿಕೋಟೆಗೆ, ದುಂಡವ್ವನ ಮಗಳು ಸಾವಂತ್ರಿಯ ಮನೆಗೆ ಹೋದರು. ನಡೆದದ್ದನ್ನೆಲ್ಲ ಮುಚ್ಚುಮರೆಯಿಲ್ಲದೆ ಹೇಳಿ ಕೈಮುಗಿದರು.

ಮರಳಿ ಬಂದು, "ಆಕಿ ಕ್ಷಮಾ ಮಾಡಲಿಲ್ಲ, ತಾಯಿ" ಎಂದರು.

"ಕುಡಿಯಾಕ ನೀರು ಕೊಟ್ಟಳೇನು?"

"ಕೊಟ್ಟಳು."

"ಹಂಗಾದ್ರ ಮತ್ತೊಮ್ಮೆ ಹೋಗಿ ಬಾ."

ತಾಯಿಯವರು ಲಿಂಗೈಕ್ಯರಾಗಿ ಮೂರು ವರ್ಷವಾಯಿತು. ಶರಣಗೌಡರು ಇಂದಿಗೂ ತಾಳಿಕೋಟೆಗೆ ಹೋಗಿಬರುತ್ತಿದ್ದಾರೆ.