ಕಾಡಿಗೆಯ ರುಜು

“ಕೇಳಿರಿ, ಕೇಳಿರಿ. ಅರಸರ ರುಜು ಇರುವ ಓಲೆಯಾಗಲಿ, ಅರಸರು ಕೈಯಾರೆ ಕೊಟ್ಟ ಪೇಟ, ಉಂಗುರ, ಪಾದುಕೆಯಾಗಲಿ ಯಾರ ಮನೆಯಲ್ಲಿದ್ದರೂ ಹುಣ್ಣಿಮೆಯೊಳಗೆ ಅರಮನೆಗೆ ತಂದೊಪ್ಪಿಸತಕ್ಕದ್ದು. ಕೊಡಲೊಲ್ಲದವರು ದೊರೆಯ ಮೂರು ಒಗಟು ಬಿಡಿಸತಕ್ಕದ್ದು. ಬಿಡಿಸಿದವರು ಕೇಳಿದ್ದನ್ನು ಪಡೆಯುವರು. ತಪ್ಪಿದವರ ಓಲೆಯೂ ಹೋಯಿತು, ತಲೆಯೂ ಹೋಯಿತು.”

ಕರಿಗಲ್ಲು ದುರ್ಗದ ಬೀದಿಗಳಲ್ಲಿ ಹೀಗೆ ಡಂಗುರ ಸಾರಿತು. ದೊರೆ ರಂಗಭೂಪನಿಗೆ ಬೇಟೆಯ ಹುಚ್ಚಿರಲಿಲ್ಲ, ಯುದ್ಧದ ಹುಚ್ಚೂ ಇರಲಿಲ್ಲ; ಇದ್ದದ್ದು ಇದೊಂದೇ. ಅರಮನೆಯ ಉದ್ದನೆಯ ಕೋಣೆಯ ಗೋಡೆಗಳಿಗೆ ಮೊಳೆ ಹೊಡೆಸಿ, ನಾಡಿನ ಅರಸರ ಓಲೆಗಳನ್ನು ಸುರುಳಿ ಸುತ್ತಿ ರೇಷ್ಮೆ ದಾರದಲ್ಲಿ ತೂಗುಹಾಕಿದ್ದ. ನಡುವೆ ಒಂದು ಬೆಳ್ಳಿಯ ಮೊಳೆ ಮಾತ್ರ ಖಾಲಿ. ಅದು ಅಜ್ಜಿ ಓಬಳಾಂಬೆಗೆ ಮೀಸಲು. ತನ್ನನ್ನು ಸಾಕಿ ಬೆಳೆಸಿದ ಅಜ್ಜಿಯ ಕೈಬರಹ ಒಂದೂ ಅವನ ಬಳಿ ಇರಲಿಲ್ಲ.

ಅದು ಇದ್ದದ್ದು ಹೊಳೆಯಾಚೆಯ ಅಂಬಿಗರ ಗುಡಿಸಲಿನಲ್ಲಿ. ಹಿಂದೆ ವೈರಿಗಳು ಕೋಟೆ ಮುತ್ತಿದಾಗ ಓಬಳಾಂಬೆ ಕೂಸಾಗಿದ್ದ ಈ ಮೊಮ್ಮಗನನ್ನು ಬೆನ್ನಿಗೆ ಕಟ್ಟಿಕೊಂಡು ಹೊಳೆದಂಡೆಗೆ ಓಡಿ ಬಂದಿದ್ದಳು. ಅಂಬಿಗರ ಮುದುಕಿಯೊಬ್ಬಳು ತುಂಬಿದ ಹೊಳೆಯಲ್ಲಿ ಹರಿಗೋಲು ಇಳಿಸಿ ಇಬ್ಬರನ್ನೂ ದಾಟಿಸಿದಳು. ಆಚೆ ದಡದಲ್ಲಿ ರಾಣಿ ತನ್ನ ಸೆರಗು ಹರಿದು, ಕಣ್ಣಿನ ಕಾಡಿಗೆಯಿಂದ ನಾಲ್ಕು ಮಾತು ಬರೆದು ರುಜು ಹಾಕಿಕೊಟ್ಟಳು. ಅಂದಿನಿಂದ ಆ ಹೊಳೆ ದಾಟುವವರಿಗೆ ಸುಂಕವಿಲ್ಲ. ಬಟ್ಟೆ ಕೈತಪ್ಪಿದರೆ ಮರುದಿನವೇ ಸುಂಕದವರು ದಡದಲ್ಲಿ ಬಂದು ಕೂರುತ್ತಾರೆಂದು ಊರಿಗೆಲ್ಲ ಗೊತ್ತಿತ್ತು.

ಆ ಮುದುಕಿಯ ಮೊಮ್ಮಗಳು ಹುಲಿಗೆವ್ವ ಬಟ್ಟೆಯನ್ನು ಮಡಿಲಿಗೆ ಕಟ್ಟಿಕೊಂಡು ಹೊರಟಳು.

“ಕೊಟ್ಟು ಬಾರೇ ತಾಯಿ. ಬಟ್ಟೆ ದೊಡ್ಡದೋ ತಲೆ ದೊಡ್ಡದೋ?” ಎಂದಳು ಅವಳ ಅವ್ವ.

“ಅಜ್ಜಿ ತಲೆಯ ಚಿಂತೆ ಮಾಡಿದ್ದರೆ ಅವತ್ತು ಹರಿಗೋಲು ಇಳಿಸುತ್ತಿದ್ದಳೇನವ್ವ?”

ಓಲೆಗಳ ಕೋಣೆಯಲ್ಲೇ ಸಭೆ ಸೇರಿತ್ತು. ಹುಲಿಗೆವ್ವನ ಮುಂದೆ ಇಬ್ಬರಿದ್ದರು. ಛತ್ರದ ಓಲೆ ಹಿಡಿದಿದ್ದ ಸಿರಿಯಪ್ಪ ಶೆಟ್ಟರನ್ನು ದೊರೆ ಕೇಳಿದ: “ಕೊಟ್ಟ ಮೇಲೂ ಕೊಟ್ಟವನ ಹೆಗಲ ಮೇಲೇ ಉಳಿಯುವುದು ಯಾವುದು?”

“ಮದುವೆ ಮಾಡಿ ಕೊಟ್ಟ ಮಗಳು, ಮಹಾಸ್ವಾಮಿ. ನನಗೆ ಮೂವರಿದ್ದಾರೆ, ಅನುಭವದಿಂದ ಹೇಳುತ್ತೇನೆ.”

ಸಭೆ ನಕ್ಕಿತು. ದೊರೆ ನಗಲಿಲ್ಲ. “ಅವರ ಹೆಗಲ ಮೇಲೆ ನೀನಿರಬಹುದು. ತಪ್ಪು.” ಭಟರು ಶೆಟ್ಟರನ್ನು ಸೆರೆಮನೆಗೆ ಎಳೆದೊಯ್ದರು.

ಅರಸರು ಕೊಟ್ಟ ಪೇಟ ಉಳಿಸಿಕೊಳ್ಳಲು ಬಂದಿದ್ದ ಪಕ್ಕದ ಪಾಳೆಯಗಾರನ ಮಗ ಮಲ್ಲರಸ ಮೀಸೆ ತಿರುವಿದ. “ಇದು ಮಕ್ಕಳ ಒಗಟು. ದೊಡ್ಡದನ್ನು ಮೊದಲು ಕೇಳಿ, ಇದನ್ನು ಆಮೇಲೆ ಬಿಡಿಸುತ್ತೇನೆ.”

“ಹಾಗೇ ಆಗಲಿ. ಈ ಗೋಡೆಗಳ ಮೇಲೆ ನಲವತ್ತು ಅರಸರ ರುಜು ಇದೆ. ಒಬ್ಬ ಅರಸನ ಹೆಸರೂ ಇಲ್ಲ. ಹಾಗಾದರೆ ಇಲ್ಲಿರುವ ಹೆಸರು ಯಾರದು?”

“ಕರಣಿಕರದು. ಅರಸರು ಕತ್ತಿ ಹಿಡಿಯುವವರು, ಲೇಖನಿ ಹಿಡಿಯುತ್ತಾರೆಯೇ? ನಮ್ಮಪ್ಪನ ರುಜುವನ್ನೂ ಕರಣಿಕನೇ ಹಾಕುವುದು.”

“ನಿಮ್ಮ ಮನೆಯ ಗುಟ್ಟನ್ನು ನಾನು ಕೇಳಿರಲಿಲ್ಲ. ತಪ್ಪು.”

ಅವನನ್ನೂ ಎಳೆದೊಯ್ದರು. ಹುಲಿಗೆವ್ವ ಮುಂದೆ ಬಂದಳು. ಅವಳ ಮಡಿಲಿನ ಗಂಟನ್ನು ಕಂಡು ದೊರೆಯ ದನಿ ಮೆತ್ತಗಾಯಿತು.

“ಬಟ್ಟೆ ಕೊಟ್ಟು ಹೋಗು ಹುಡುಗಿ. ಹೊಟ್ಟೆ ತುಂಬ ಊಟ ಹಾಕಿಸುತ್ತೇನೆ.”

“ಉಂಡೇ ಬಂದಿದ್ದೇನೆ, ದೊರೆ. ಮೊದಲನೆಯದಕ್ಕೆ ಉತ್ತರ, ಕೊಟ್ಟ ಮಾತು. ಪಡೆದವರು ಹಗುರಾಗಿ ಮನೆಗೆ ಹೋಗುತ್ತಾರೆ. ಹೊತ್ತು ನಡೆಯಬೇಕಾದವನು ಕೊಟ್ಟವನೇ.”

“ಎರಡನೆಯದು?”

“ದೇವರ ಹೆಸರು. ನಿಮ್ಮ ಅಜ್ಜಿಯ ಹೆಸರು ಓಬಳಾಂಬೆ, ಈ ಬಟ್ಟೆಯ ಮೇಲಿರುವುದು ‘ಶ್ರೀ ನರಸಿಂಹ’. ಅರಸರು ರುಜು ಹಾಕುವುದು ಮನೆದೇವರ ಹೆಸರಿನಲ್ಲಿ. ನಾಳೆ ಮಾತಿಗೆ ತಪ್ಪಿದರೆ ದೇವರನ್ನೇ ಸುಳ್ಳಾಗಿಸಿದಂತೆ ಆಗಲಿ ಎಂದು.”

ದೊರೆ ಸಿಂಹಾಸನದ ಅಂಚಿಗೆ ಸರಿದ. “ಮೂರನೆಯದು. ದಾನ ಕೊಟ್ಟವನಿಗಿಂತಲೂ ದೊಡ್ಡವನು ಒಬ್ಬನಿದ್ದಾನೆ. ಅವನು ಏನನ್ನೂ ಕೊಟ್ಟಿಲ್ಲ, ಏನನ್ನೂ ಪಡೆದಿಲ್ಲ. ಯಾರವನು?”

“ಆ ದಾನವನ್ನು ಕಾಪಾಡುವವನು.”

“ಮೂರೂ ಸರಿ,” ಎಂದು ದೊರೆ ನಗುತ್ತ ಎದ್ದ. “ಆ ಕಾಪಾಡುವವನು ನಾನೇ. ನಿನ್ನ ಗುಡಿಸಲಿನಲ್ಲಿ ಗೆದ್ದಲು ತಿನ್ನುವ ಬಟ್ಟೆ ಇಲ್ಲಿ ನೂರು ವರ್ಷ ಬಾಳುತ್ತದೆ. ನಿನ್ನ ಬಾಯಿಂದಲೇ ಬಂತಲ್ಲ, ಇನ್ನು ಕೊಡು.”

ಹುಲಿಗೆವ್ವ ಗಂಟಿನ ಮೇಲೆ ಕೈಯಿಟ್ಟುಕೊಂಡಳು. “ನೀವು ಕಾಪಾಡಿದ್ದು ಓಲೆಯನ್ನು, ದೊರೆ, ಅದರ ಮೇಲಿನ ಮಾತನ್ನಲ್ಲ. ಈ ಗೋಡೆಯ ಯಾವ ಓಲೆಯಿಂದ ಇವತ್ತು ಒಂದು ಹೊಲಕ್ಕೆ ನೀರು ಹರಿಯುತ್ತಿದೆ? ಯಾವ ಓಲೆಯಿಂದ ಹಸಿದವರಿಗೆ ಅನ್ನ ಬೀಳುತ್ತಿದೆ? ಮೊಳೆಗೆ ಹಾಕಿದ ದಿನವೇ ಎಲ್ಲ ನಿಂತುಹೋಯಿತು. ನಮ್ಮ ಹರಿಗೋಲು ಈ ಬೆಳಿಗ್ಗೆಯೂ ದಾಟಿದೆ. ಕಾಪಾಡಿದವರು ನಾವು. ಸುಂಕ ಕೊಡದೆ ದಾಟಿದವರಲ್ಲಿ ನೀವೇ ಮೊದಲಿಗರು.”

ದೊರೆ ಗಂಟಿನತ್ತ ಕೈ ಚಾಚಿದ.

“ನಾನು ಕಿತ್ತುಕೊಂಡರೆ?”

“ಕಿತ್ತುಕೊಳ್ಳಿ. ಮೊದಲು ಓದಿ.” ಅವಳು ಬಟ್ಟೆ ಬಿಡಿಸಿ ಅವನ ಕೈಗೇ ಕೊಟ್ಟಳು.

ದೊರೆ ಗಟ್ಟಿಯಾಗಿ ಓದಿದ: “ಈ ಹೊಳೆಯನ್ನು ಈ ಮನೆಯವರು ದಾಟಿಸಲಿ. ದಾಟುವವರಿಂದ ಸುಂಕ ಬೇಡ. ಸೂರ್ಯಚಂದ್ರರು ಇರುವವರೆಗೂ ಇದು ನಡೆಯಲಿ.” ಮುಂದಿನ ಸಾಲಿಗೆ ಅವನ ದನಿ ಇಳಿಯಿತು. “ಇದನ್ನು ನಿಲ್ಲಿಸಿದವರು ನನ್ನ ಮಕ್ಕಳೂ ಅಲ್ಲ, ಮೊಮ್ಮಕ್ಕಳೂ ಅಲ್ಲ. ಶ್ರೀ ನರಸಿಂಹ.”

ಇಷ್ಟು ವರ್ಷ ಹುಡುಕಿದ ರುಜು ಕೈಯಲ್ಲಿತ್ತು. ಬೆಳ್ಳಿಯ ಮೊಳೆಗೆ ಹಾಕಿದರೆ, ಬರೆದವಳಿಗೆ ಅವನು ಮೊಮ್ಮಗನಲ್ಲ. ದೊರೆ ಮೊಳೆಯನ್ನು ನೋಡಿದ, ಬಟ್ಟೆಯನ್ನು ನೋಡಿದ. ಆಮೇಲೆ ಅದನ್ನು ಹಳೆಯ ಮಡಿಕೆಗಳಲ್ಲೇ ಮಡಿಸಿ ಅವಳ ಕೈಗಿಟ್ಟ.

“ಏನು ಬೇಕೋ ಕೇಳು.”

“ಒಳಗೆ ಹಾಕಿದ ಇಬ್ಬರನ್ನೂ ಬಿಡಿ. ಗೋಡೆಯ ಮೇಲಿನ ಓಲೆಗಳೆಲ್ಲ ಅವರವರ ಮನೆಗೆ ಹೋಗಲಿ, ಅವುಗಳಲ್ಲಿ ಬರೆದದ್ದು ಮತ್ತೆ ನಡೆಯಲಿ. ಅಷ್ಟನ್ನೂ ಬರೆದು ರುಜು ಹಾಕಿಕೊಡಿ. ಬಾಯಿಮಾತು ಸಾಲದು.”

“ನನ್ನ ರುಜುವೇ?”

“ನಿಮ್ಮ ರುಜು ಈ ನಾಡಿನ ಯಾರ ಮನೆಯಲ್ಲೂ ಇಲ್ಲ, ದೊರೆ. ಜೋಪಾನ ಮಾಡುವಂಥದ್ದನ್ನು ನೀವು ಇನ್ನೂ ಯಾರಿಗೂ ಕೊಟ್ಟಿಲ್ಲ.”

ದೊರೆ ಕರಣಿಕನನ್ನು ದೂರ ಸರಿಸಿ ತಾನೇ ಬರೆದ. ಕೆಳಗೆ ‘ಶ್ರೀ ನರಸಿಂಹ’ ಎಂದು ಬರೆದಾಗ ಅಕ್ಷರ ಅಜ್ಜಿಯದರಂತೆಯೇ ಬಿತ್ತು.

ಸಂಜೆ ಹರಿಗೋಲಿನ ಬಳಿ ಶೆಟ್ಟರು ತಲೆ ತಗ್ಗಿಸಿ ನಿಂತಿದ್ದರು. “ಹೆಣ್ಣುಮಕ್ಕಳನ್ನು ಭಾರ ಎಂದವನನ್ನು ದಾಟಿಸುತ್ತೀಯೇನಮ್ಮ?”

“ಹತ್ತಿ, ಶೆಟ್ಟರೇ. ಅಲುಗಾಡದೆ ಕೂತರೆ ಸಾಕು.”

ಆ ಹೊಳೆ ದಾಟುವವರಿಗೆ ಇಂದಿಗೂ ಸುಂಕವಿಲ್ಲ. ಈ ಕತೆ ಕೇಳಿದವರಿಗೂ ಇಲ್ಲ.